ಬೆವರುಪಟ್ಟಿ

ಗುದೈಬಿಯಾದ ಹಲ್ಲಿನ ಡಾಕ್ಟರು ಜಾಸಿಮ್
ಶುಕ್ರವಾರ ಕ್ಲಿನಿಕ್ಕಿಗೆ ಬೀಗ ಹಾಕಿ
ಒಳಕೋಣೆಯ ಬೀಗ ತೆಗೆಯುತ್ತಾರೆ.
ಹೊರಗೆ ಡಾಂಬರು ಚಪ್ಪಲಿಗೆ ಅಂಟುವಾಗಲೂ
ಅಲ್ಲಿ ಹದಿನೆಂಟು ಡಿಗ್ರಿ.
ಗಾಜಿನ ಹಿಂದೆ ನಲವತ್ತೊಂದು ಟೊಪ್ಪಿ,
ಎಲ್ಲವೂ ಆಫೀಸರುಗಳವು,
ಒಂದರ ಕೆಳಗೂ ತಲೆಯಿಲ್ಲ.

ನಾನು ಗ್ರೆಟ್ಟಾ, ಬಜ್ಪೆ ಕಡೆಯವಳು,
ಮನಾಮದ ಓಣಿಯಲ್ಲಿ ಶಾಲೆ ಯೂನಿಫಾರ್ಮು ಹೊಲಿಯುತ್ತೇನೆ.
"ಹೆಸರೇ ಜರ್ಮನ್ ಉಂಟಲ್ಲ!" ಅಂತ ನಕ್ಕು
ಈ ಕೆಲಸ ಕೊಟ್ಟರು:
ಪಿಸಿದ ಅಸ್ತರು, ಬಿಟ್ಟ ಅಂಚು, ನುಸಿ ತಿಂದ ಉಣ್ಣೆ.
ನಮ್ಮ ಕಡೆ ಜರ್ಮನರೆಂದರೆ ಹೆಂಚು, ಡಾಕ್ಟ್ರೇ,
ಅದೂ ತಲೆ ಮೇಲಿನದ್ದೇ, ಅಂದೆ.
ಅವರಿಗೆ ಅರ್ಥವಾಗಲಿಲ್ಲ. ಹೆಂಚು ಕಂಡವರಲ್ಲ.

ಅಂಚಿನ ಬಣ್ಣ ನೋಡಿ ದಳ ಹೇಳುತ್ತಾರೆ,
ಮೊನೆಯ ಬುಡ ನೋಡಿ ಪದವಿ.
ಹದ್ದಿನ ಕಾಲಲ್ಲಿ ಆ ಗುರುತು ಇರುವ ಮೂರು ಮಾತ್ರ
ಕೆಳಗಿನ ಡ್ರಾಯರಿನಲ್ಲಿ, ಬೋರಲು.
"ಇಟ್ಟುಕೊಂಡಿದ್ದೇನೆ. ತೋರಿಸಲಿಕ್ಕಲ್ಲ."
ನಾನು ದಿನಾ ದಾಟುವ ಗುಜರಾತಿ ಬಟ್ಟೆಯಂಗಡಿಯ ಬಾಗಿಲಲ್ಲೂ
ಅದೇ ಗೆರೆ, ಕುಂಕುಮದ್ದು, ನೆಟ್ಟಗೆ.
ಇಲ್ಲಿ ಓರೆ. ಓರೆಯಾದದ್ದಕ್ಕೆ ಎಷ್ಟು ಜನ ಹೋದರೋ.

ನನಗೆ ಹೊರಗಿನದ್ದು ಬೇಡ.
ನಾನು ಮಗುಚಿ ನೋಡುವವಳು.
ಒಳಗೆ ಸುತ್ತಲೂ ಬೆರಳಗಲದ ಚರ್ಮ, ಬೆವರುಪಟ್ಟಿ;
ಹಣೆ ತಾಗುವಲ್ಲಿ ಕಪ್ಪು.
ಕರ್ನಲನದ್ದಾದರೂ ಬೆವರು ಬೆವರೇ.
ಒಂದರ ಹಿಂದೆ ಮಡಚಿದ ಪೇಪರಿತ್ತು, ನಾಲ್ಕು ಪದರ,
ಟೊಪ್ಪಿ ಕಣ್ಣಿಗೆ ಇಳಿಯದ ಹಾಗೆ.
ಪಾಪ, ಹುದ್ದೆ ಬಂದಿತ್ತು,
ತಲೆ ಬಂದಿರಲಿಲ್ಲ.
ಆ ಪೇಪರು ತೆಗೆಯಲಿಲ್ಲ.

ಕಳೆದ ವಾರ ಹೊಸತೊಂದು ಬಂತು.
ಕರಿ ಮೆರುಗಿನ ಚರ್ಮ, ನೆತ್ತಿಗೆ ಹಿತ್ತಾಳೆ ಮೊನೆ, ಒಳಗೆ ರೇಷ್ಮೆ.
ಡಾಕ್ಟರು ಹಲ್ಲಿನ ಸಿಮೆಂಟು ಗಟ್ಟಿ ಮಾಡುವ ನೀಲಿ ದೀಪ ಹಿಡಿದರು:
ಹೊಸ ನೂಲಾದರೆ ಮಿನುಗುತ್ತದಂತೆ.
ಮಿನುಗಲಿಲ್ಲ.
"ಸಾವಿರದ ನಾನೂರು ದಿನಾರ್, ಗ್ರೆಟ್ಟಾ!"

ಪಟ್ಟಿ ಮಗುಚಿದೆ.
ಹೊಲಿಗೆ ಎಡಕ್ಕೆ ವಾಲಿತ್ತು.
ಏಳು ಹೊಲಿಗೆ, ಒಂದು ಗಂಟು. ಮತ್ತೆ ಏಳು.

ಪೊಡಿಯಬ್ಬ!

ಒಂಬತ್ತು ವರ್ಷ ನನ್ನ ಪಕ್ಕದ ಮೆಷಿನಿನವನು, ಉಳ್ಳಾಲದವನು,
ಹೋಟೆಲು ಕಾವಲಿನವರ ಟೊಪ್ಪಿ ಹೊಲಿದವನು,
ಬಲಗೈಲಿ ಉಂಡು ಎಡಗೈಲಿ ದುಡಿದವನು.
ಏಳಕ್ಕೊಮ್ಮೆ ಗಂಟು ಯಾಕೆ ಅಂದರೆ
"ನೂಲು ತುಂಡಾದರೆ ಅಷ್ಟೇ ಬಿಚ್ಚಬೇಕು" ಅನ್ನುತ್ತಿದ್ದ.
ಅಂಗಡಿ ಮುಚ್ಚಿತು, ವೀಸಾ ಮುಗಿಯಿತು,
ನನ್ನ ನಲವತ್ತು ದಿನಾರ್ ಸಮೇತ ಮಾಯ.
ನಾಲ್ಕು ವರ್ಷ. ನಂಬರ್ ಹೊಡೆದರೆ ಹೆಂಗಸೊಬ್ಬಳ ಅರಬ್ಬಿ,
ಈ ನಂಬರ್ ಇಲ್ಲವೆಂದು.

ಹಳೆ ನೂಲು ಎಲ್ಲಿ ಸಿಕ್ಕಿತೋ ಮಾರಾಯ?
ರೇಷ್ಮೆಗೆ ಚಾ ಹಾಕಿ ಬಣ್ಣ ಬರಿಸಿದೆಯೋ?
ಎಲ್ಲ ಸರಿ.
ಆದರೆ ಹಣೆಯ ಆ ಕಪ್ಪು,
ಅದಕ್ಕೆ ಚಾ ಸಾಲದು.
ಅದು ಹಾಕಿಕೊಂಡೇ ಬರಬೇಕು.
ಎಲ್ಲೋ ತಗಡಿನ ಶೆಡ್ಡಿನಲ್ಲಿ, ಆಗಸ್ಟಿನಲ್ಲಿ,
ಬನಿಯನ್ನು, ಲುಂಗಿ, ತಲೆ ಮೇಲೆ ಕೈಸರನ ಟೊಪ್ಪಿ,
ಬೇರೆ ಟೊಪ್ಪಿ ಹೊಲಿಯುತ್ತಾ ಕೂತಿದ್ದೀ,
ಮೊನೆ ಫ್ಯಾನಿಗೆ ತಾಗದ ಹಾಗೆ ಬಗ್ಗಿ.

"ಅಸಲಿಯಾ?" ಡಾಕ್ಟರು ನನ್ನ ಮುಖ ನೋಡಿದರು.
ಮೂಗಿಗೆ ಹಿಡಿದೆ. ಉಪ್ಪು.
"ಬೆವರು ಅಸಲಿ, ಡಾಕ್ಟ್ರೇ."

ಬಿಟ್ಟ ಎರಡು ಹೊಲಿಗೆ ಹಾಕಿಕೊಟ್ಟೆ,
ಬಲಕ್ಕೆ ವಾಲಿದವು.
ಆಮೇಲೆ, ಸೂಜಿ ಕೊರಳಪಟ್ಟಿಗೆ ಸಿಕ್ಕಿಸುತ್ತಾ,
ಸುಮ್ಮನೆ ಅನ್ನುವ ಹಾಗೆ ಕೇಳಿದೆ:
ಮಾರಿದವನ ನಂಬರ್ ಉಂಟಾ?